ವರ್ಷದ ಕೂಸಿಗೆ ಯಾವ ಆಟಿಕೆ? ಉಡುಗೊರೆ ಕೊಳ್ಳುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಹಗರಿಬೊಮ್ಮನಹಳ್ಳಿ: ಮಗುವಿಗೆ ವರ್ಷ ತುಂಬಿತೆಂದರೆ ಬಂಧುಬಳಗಕ್ಕೆಲ್ಲ ಸಂಭ್ರಮ. ಮುಯ್ಯಿಯ ಹಣ, ಸೋದರಮಾವ ತರುವ ಹೊಸ ಬಟ್ಟೆ, ಅಜ್ಜಿ ಕೊಡುವ ಬೆಳ್ಳಿಯ ಕಾಲ್ಗಡಗ ಇವೆಲ್ಲ ಹಿಂದಿನಿಂದ ನಡೆದುಬಂದ ಪದ್ಧತಿ. ಅವುಗಳ ಜೊತೆಗೆ ಈಗ ದೊಡ್ಡ ದೊಡ್ಡ ರಟ್ಟಿನ ಪೆಟ್ಟಿಗೆಗಳಲ್ಲಿ ಆಟಿಕೆಗಳೂ ಬರುತ್ತವೆ. ಗುಂಡಿ ಒತ್ತಿದರೆ ಹಾಡುವ ಬೊಂಬೆ, ದೀಪ ಮಿನುಗಿಸುತ್ತ ಓಡುವ ಕಾರು, ಇಂಗ್ಲಿಷ್ ಅಕ್ಷರಮಾಲೆ ಒಪ್ಪಿಸುವ ಆಟಿಕೆ ಲ್ಯಾಪ್‌ಟಾಪ್, ಮಗುವನ್ನು ಕೂರಿಸಿ ಬಿಡುವ ವಾಕರ್ ಇವು ಸಾಮಾನ್ಯ. ಅತಿಥಿಗಳು ಹೋದ ಮೇಲೆ ಪೆಟ್ಟಿಗೆಗಳನ್ನು ಬಿಚ್ಚಿದರೆ, ಕೂಸು ಆಟಿಕೆಯನ್ನು ಬಿಟ್ಟು ಖಾಲಿ ರಟ್ಟಿನ ಪೆಟ್ಟಿಗೆಯೊಳಗೆ ಕೈ ಹಾಕಿ ಕುಳಿತಿರುವುದು ಬಹುತೇಕ ಮನೆಗಳಲ್ಲಿ ಕಾಣುವ ದೃಶ್ಯ.

ಇದು ನಗುವ ವಿಷಯವಾದರೂ ಅದರಲ್ಲಿ ಒಂದು ಸತ್ಯವಿದೆ. ಒಂದು ವರ್ಷದ ಮಗುವಿಗೆ ಆಟಿಕೆ ತಾನಾಗಿ ಎಷ್ಟು ಕೆಲಸ ಮಾಡುತ್ತದೆ ಎಂಬುದು ಮುಖ್ಯವಲ್ಲ, ಅದನ್ನು ಹಿಡಿದು ಮಗು ಎಷ್ಟು ಕೆಲಸ ಮಾಡುತ್ತದೆ ಎಂಬುದು ಮುಖ್ಯ. ಪೆಟ್ಟಿಗೆಯನ್ನು ತೆರೆಯಬಹುದು, ಮುಚ್ಚಬಹುದು, ತಳ್ಳಬಹುದು, ಒಳಗೆ ಏನಾದರೂ ಹಾಕಿ ಮತ್ತೆ ತೆಗೆಯಬಹುದು. ಹಾಡುವ ಬೊಂಬೆಯಲ್ಲಿ ಒಂದು ಗುಂಡಿ ಒತ್ತುವುದರ ಹೊರತು ಮಾಡಲು ಏನೂ ಇರುವುದಿಲ್ಲ. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿಯು 2018ರಲ್ಲಿ ಆಟಿಕೆಗಳ ಆಯ್ಕೆಯ ಕುರಿತು ಪ್ರಕಟಿಸಿದ ವೈದ್ಯಕೀಯ ವರದಿಯೂ ಇದೇ ಅಭಿಪ್ರಾಯಕ್ಕೆ ಬಂದಿದೆ. ದುಬಾರಿ ಎಲೆಕ್ಟ್ರಾನಿಕ್ ಆಟಿಕೆಗಿಂತ ಸರಳವಾದ ಆಟಿಕೆ ಮೇಲು, ಅದರ ಬೆಲೆಗಿಂತ ಅದರ ನೆಪದಲ್ಲಿ ಹಿರಿಯರು ಮಗುವಿನೊಡನೆ ಕಳೆಯುವ ಸಮಯ ದೊಡ್ಡದು ಎಂಬುದು ಆ ವರದಿಯ ತಾತ್ಪರ್ಯ.

ಈ ವಯಸ್ಸಿನ ಮಗು ಏನು ಮಾಡುತ್ತದೆ?

ಆಟಿಕೆ ಆರಿಸುವ ಮೊದಲು ಮಗುವನ್ನು ಹತ್ತು ನಿಮಿಷ ಸುಮ್ಮನೆ ಗಮನಿಸುವುದು ಒಳ್ಳೆಯದು. ಹನ್ನೆರಡು ತಿಂಗಳ ಆಸುಪಾಸಿನಲ್ಲಿ ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯಿಂದ ಸಣ್ಣ ವಸ್ತುವನ್ನು ಹೆಕ್ಕುವ ಚಾತುರ್ಯ ಬಂದಿರುತ್ತದೆ. ನೆಲದ ಮೇಲೆ ಬಿದ್ದ ಅಕ್ಕಿಯ ಕಾಳನ್ನೂ ಕೂಸು ಬಿಡುವುದಿಲ್ಲ. ಡಬ್ಬಿಯೊಳಗೆ ವಸ್ತುಗಳನ್ನು ಹಾಕುವುದು, ಸುರಿಯುವುದು, ಮತ್ತೆ ಹಾಕುವುದು ಅದಕ್ಕೆ ಬೇಸರವಿಲ್ಲದ ಕೆಲಸ. ಟವೆಲಿನ ಕೆಳಗೆ ಚೆಂಡನ್ನು ಮುಚ್ಚಿಟ್ಟರೆ ಟವೆಲ್ ಎತ್ತಿ ಹುಡುಕುತ್ತದೆ. ಕಣ್ಣಿಗೆ ಕಾಣದಿದ್ದರೂ ವಸ್ತು ಅಲ್ಲಿಯೇ ಇದೆ ಎಂಬ ಈ ಅರಿವನ್ನು ಸ್ವಿಟ್ಜರ್‌ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಶೈಶವದ ಬಹುದೊಡ್ಡ ಮೆಟ್ಟಿಲೆಂದು ಗುರುತಿಸಿದ್ದರು. ಸೆರಗಿನಲ್ಲಿ ಮುಖ ಮುಚ್ಚಿ ತೆರೆದು ಮಗುವನ್ನು ನಗಿಸುವ ಅಜ್ಜಿಯರು ಪಿಯಾಜೆಯನ್ನು ಓದದೆಯೇ ಈ ಪಾಠವನ್ನು ಮಾಡುತ್ತ ಬಂದಿದ್ದಾರೆ.

ನಡಿಗೆಯ ವಿಷಯದಲ್ಲಿ ಮಗುವಿನಿಂದ ಮಗುವಿಗೆ ಬಹಳ ವ್ಯತ್ಯಾಸವಿರುತ್ತದೆ. ಭಾರತವೂ ಸೇರಿದಂತೆ ಹಲವು ದೇಶಗಳ ಮಕ್ಕಳನ್ನು ಗಮನಿಸಿ ವಿಶ್ವ ಆರೋಗ್ಯ ಸಂಸ್ಥೆ ಸಿದ್ಧಪಡಿಸಿದ ಮಾನದಂಡದ ಪ್ರಕಾರ ಆರೋಗ್ಯವಂತ ಮಕ್ಕಳು ಯಾರ ಆಸರೆಯೂ ಇಲ್ಲದೆ ನಡೆಯಲು ಆರಂಭಿಸುವುದು 8.2 ತಿಂಗಳಿಂದ 17.6 ತಿಂಗಳ ನಡುವೆ. ಆದ್ದರಿಂದ ಮೊದಲ ಹುಟ್ಟುಹಬ್ಬದ ದಿನ ಒಂದು ಕೂಸು ಅಂಗಳದ ತುಂಬ ಓಡುತ್ತಿರಬಹುದು, ಪಕ್ಕದ ಮನೆಯ ಕೂಸು ಮಂಚದ ಅಂಚು ಹಿಡಿದು ಅಡ್ಡಡ್ಡ ಹೆಜ್ಜೆ ಹಾಕುತ್ತಿರಬಹುದು. ಎರಡೂ ಸಹಜವೇ. ಉಡುಗೊರೆ ಕೊಡುವವರು ಪೆಟ್ಟಿಗೆಯ ಮೇಲಿನ ವಯಸ್ಸನ್ನಷ್ಟೇ ನೋಡದೆ, ಕೂಸು ಈಗ ಯಾವ ಹಂತದಲ್ಲಿದೆ ಎಂದು ತಾಯಿಯನ್ನು ಒಂದು ಮಾತು ಕೇಳುವುದು ಲೇಸು.

ಮತ್ತೊಂದು ಸಂಗತಿಯನ್ನು ಎಂದೂ ಮರೆಯಬಾರದು. ಈ ವಯಸ್ಸಿನಲ್ಲಿ ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತದೆ. ಬಾಯಿ ಮಗುವಿಗೆ ವಸ್ತುವನ್ನು ಅರಿಯುವ ಒಂದು ಸಾಧನ. ಗದರಿಸಿ ಬಿಡಿಸುವ ಅಭ್ಯಾಸ ಅದಲ್ಲ. ಹಾಗಾಗಿ ಬಾಯಿಗೆ ಹೋಗಬಾರದ ವಸ್ತು ವರ್ಷದ ಕೂಸಿನ ಆಟಿಕೆಯೇ ಅಲ್ಲ ಎಂದು ಮೊದಲೇ ನಿರ್ಧರಿಸಿಬಿಟ್ಟರೆ ಅಂಗಡಿಯ ಅರ್ಧದಷ್ಟು ಆಟಿಕೆಗಳು ಪಟ್ಟಿಯಿಂದ ತಾವಾಗಿ ಹೊರಬೀಳುತ್ತವೆ.

ಸೇರು, ಪಾವು, ಚಮಚದ ಪಾಠಶಾಲೆ

ಒಂದರೊಳಗೊಂದು ಕೂಡುವ ಬಟ್ಟಲುಗಳು, ಕಂಬಕ್ಕೆ ಪೋಣಿಸುವ ಬಣ್ಣದ ಬಳೆಗಳು, ದೊಡ್ಡ ಮರದ ತುಂಡುಗಳು, ಮೆತ್ತನೆಯ ಚೆಂಡು, ಹಗ್ಗ ಹಿಡಿದು ಎಳೆಯುವ ಗಾಡಿ, ದಪ್ಪ ರಟ್ಟಿನ ಚಿತ್ರಪುಸ್ತಕ ಇವು ಈ ವಯಸ್ಸಿಗೆ ಒಪ್ಪುವ ಆಟಿಕೆಗಳೆಂದು ಮಕ್ಕಳ ತಜ್ಞರು ಸಾಮಾನ್ಯವಾಗಿ ಹೇಳುತ್ತಾರೆ. ವರ್ಷದ ಮಗುವಿಗೆ ಬಳೆಗಳನ್ನು ಗಾತ್ರದ ಕ್ರಮದಲ್ಲಿ ಪೋಣಿಸಲು ಬರುವುದಿಲ್ಲ. ಮೊದಲು ಅದು ಎಲ್ಲವನ್ನೂ ಕಿತ್ತು ಚೆಲ್ಲುತ್ತದೆ. ಕೆಲವು ತಿಂಗಳ ಬಳಿಕ ಒಂದೆರಡನ್ನು ತಿರುಗಿ ಹಾಕುತ್ತದೆ. ಕ್ರಮ ತಿಳಿಯುವುದು ಇನ್ನೂ ಮುಂದೆ. ಒಂದೇ ಆಟಿಕೆ ಒಂದೂವರೆ, ಎರಡು ವರ್ಷ ಉಪಯೋಗಕ್ಕೆ ಬರುವುದೆಂದರೆ ಹೀಗೆ. ಕೊಟ್ಟ ಹಣಕ್ಕೂ ಮೋಸವಿಲ್ಲ.

ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಭಾಗದ ಜೋಳ ಬೆಳೆಯುವ ಮನೆಗಳಲ್ಲಿ ಇಂಥ ಬಟ್ಟಲುಗಳ ಜೋಡಿ ಹಿಂದಿನಿಂದಲೂ ಇದೆ. ಕಾಳು ಅಳೆಯುವ ಸೇರು, ಅದರ ಅರ್ಧದಷ್ಟಿರುವ ಅಚ್ಚೇರು, ಕಾಲುಭಾಗದ ಪಾವು ಒಂದರೊಳಗೊಂದು ಕೂಡುತ್ತವೆ, ಕವುಚಿದರೆ ಒಂದರ ಮೇಲೊಂದು ನಿಲ್ಲುತ್ತವೆ, ಬಡಿದರೆ ಬೇರೆ ಬೇರೆ ಸದ್ದು ಕೊಡುತ್ತವೆ. ದೊಡ್ಡದು, ಚಿಕ್ಕದು, ಒಳಗೆ, ಹೊರಗೆ ಎಂಬ ಮಾತುಗಳನ್ನು ಕಲಿಸಲು ಇದಕ್ಕಿಂತ ಉತ್ತಮ ಸಾಧನ ಸಿಗದು. ತುಕ್ಕು ಹಿಡಿದ ಕಬ್ಬಿಣದ ಅಥವಾ ಅಂಚು ಹರಿತವಾದ ಅಳತೆಗಳು ಮಾತ್ರ ಬೇಡ. ಸ್ಟೀಲಿನ ಲೋಟಗಳು, ಮುಚ್ಚಳವಿರುವ ಡಬ್ಬಿ, ಮರದ ಸೌಟು, ಬಿದಿರಿನ ಸಿಬಿರು ಏಳದ ಬುಟ್ಟಿ ಇವೂ ಅದೇ ಸಾಲಿಗೆ ಸೇರುತ್ತವೆ. ನಗರದ ಫ್ಲಾಟಿನಲ್ಲಿ ಸೇರು, ಪಾವು ಇಲ್ಲದಿದ್ದರೆ ಅಡುಗೆಮನೆಯ ಅಳತೆ ಬಟ್ಟಲುಗಳು ಸಾಕು.

ಹಳೆಯ ಸೀರೆ, ಧೋತರಗಳನ್ನು ಒಟ್ಟುಗೂಡಿಸಿ ಕೌದಿ ಹೊಲಿಯುವುದು ಉತ್ತರ ಕರ್ನಾಟಕದ ಮನೆಮನೆಯ ಕಸುಬು. ಕೌದಿಗೆ ಉಳಿದ ತುಂಡುಗಳಿಂದ ಬಿಗಿಯಾಗಿ ಹೊಲಿದ ಬಟ್ಟೆಯ ಚೆಂಡು ಉರುಳುತ್ತದೆ, ಆದರೆ ದೂರ ಓಡುವುದಿಲ್ಲ, ತಾಗಿದರೆ ನೋಯುವುದಿಲ್ಲ, ಒಗೆಯಲೂ ಬರುತ್ತದೆ. ಅದಕ್ಕೆ ಕಣ್ಣು, ಮೂಗೆಂದು ಗುಂಡಿ ಹೊಲಿಯುವ ಆಸೆಯನ್ನು ಮಾತ್ರ ತಡೆಯಬೇಕು. ದಾರದಲ್ಲೇ ಕಸೂತಿ ಹಾಕಿದರಾಯಿತು.

ಪುಸ್ತಕದ ವಿಷಯದಲ್ಲಿ ಅನೇಕರಿಗೆ ಸಂಶಯ. ಓದು ಬಾರದ ಕೂಸಿಗೆ ಪುಸ್ತಕವೇಕೆ ಎಂಬುದು ಪ್ರಶ್ನೆ. ಒಂದು ಪುಟದಲ್ಲಿ ಒಂದೇ ಚಿತ್ರವಿರುವ ದಪ್ಪ ರಟ್ಟಿನ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಹಸು ಎಲ್ಲಿ, ಬೆಕ್ಕು ಎಲ್ಲಿ ಎಂದು ಕೇಳಿದಾಗ ಮಗು ಬೆರಳು ಮಾಡಿ ತೋರಿಸುವುದು ಮಾತು ಬರುವ ಮೊದಲಿನ ಮಾತು. ಮನೆಯವರ ಫೋಟೋಗಳನ್ನು ರಟ್ಟಿಗೆ ಅಂಟಿಸಿ, ಮೇಲೆ ಪಾರದರ್ಶಕ ಹಾಳೆ ಹಾಕಿಸಿದ ಪುಟ್ಟ ಆಲ್ಬಂ ಕೂಡ ಸೊಗಸಾದ ಉಡುಗೊರೆ. ಪರಊರಿನಲ್ಲಿ ದುಡಿಯುವ ಅಪ್ಪನ ಮುಖವನ್ನು ಕೂಸು ಅದರಲ್ಲಿ ದಿನವೂ ನೋಡಬಹುದು.

ವಾಕರ್ ಏಕೆ ಬೇಡ?

ಮೊದಲ ಹುಟ್ಟುಹಬ್ಬದ ಉಡುಗೊರೆಗಳಲ್ಲಿ ಅತಿ ಹೆಚ್ಚು ತಪ್ಪು ತಿಳಿವಳಿಕೆಯಿಂದ ಕೊಳ್ಳುವ ವಸ್ತುವೆಂದರೆ ಗಾಲಿಯ ವಾಕರ್. ಮಗುವನ್ನು ನಡುವೆ ಕೂರಿಸಿದರೆ ತುದಿಗಾಲಿನಿಂದ ನೆಲವನ್ನು ಒದ್ದು ಮನೆಯ ತುಂಬ ಓಡಾಡುತ್ತದೆ. ನೋಡುವವರಿಗೆ ಅದು ನಡೆಯುತ್ತಿರುವಂತೆ ಕಾಣುತ್ತದೆ. ವಾಸ್ತವದಲ್ಲಿ ನಡಿಗೆಗೆ ಬೇಕಾದ ಸಮತೋಲನವನ್ನು ಅದು ಕಲಿಯುತ್ತಿರುವುದಿಲ್ಲ. ತೂಕವನ್ನು ಸೀಟು ಹೊತ್ತಿರುತ್ತದೆ. ವಾಕರ್‌ನಿಂದ ಮಗು ಬೇಗ ನಡೆಯುವುದಿಲ್ಲ, ಕೆಲವೊಮ್ಮೆ ನಡಿಗೆ ತಡವಾಗಲೂಬಹುದು ಎಂಬುದು ವೈದ್ಯರ ಅಭಿಮತ. ಅಪಾಯದ ಮಾತು ಬೇರೆಯೇ ಇದೆ. ಕೆನಡಾ 2004ರಲ್ಲಿ ವಾಕರ್‌ಗಳ ಮಾರಾಟವನ್ನೇ ನಿಷೇಧಿಸಿತು. ಮೆಟ್ಟಿಲುಗಳಿಂದ ಉರುಳಿ ತಲೆಗೆ ಪೆಟ್ಟಾದ ಪ್ರಕರಣಗಳು ಅದಕ್ಕೆ ಕಾರಣವಾಗಿದ್ದವು. ಅಮೆರಿಕದ ಮಕ್ಕಳ ತಜ್ಞರೂ ಅಂಥದೇ ನಿಷೇಧಕ್ಕೆ ಒತ್ತಾಯಿಸುತ್ತ ಬಂದಿದ್ದಾರೆ.

ನಮ್ಮ ಮನೆಗಳ ಕಟ್ಟಡವನ್ನು ನೆನೆದರೆ ಅಪಾಯ ಇನ್ನೂ ಸ್ಪಷ್ಟವಾಗುತ್ತದೆ. ಎತ್ತರದ ಹೊಸ್ತಿಲು, ಅದರಾಚೆ ಕಟ್ಟೆ, ಕಟ್ಟೆಯಿಂದ ಕೆಳಗೆ ಕಲ್ಲಿನ ಮೆಟ್ಟಿಲು. ಹಿಂದುಗಡೆ ನೀರು ತುಂಬಿದ ಬಾನಿ, ನೆಲಮಟ್ಟದ ಒಲೆ. ವಾಕರ್‌ನಲ್ಲಿರುವ ಕೂಸು ಅಂಬೆಗಾಲಿಡುವ ಕೂಸಿಗಿಂತ ಬಹಳ ವೇಗವಾಗಿ ಹೋಗುತ್ತದೆ, ಕೈಯೂ ಎತ್ತರಕ್ಕೆ ಎಟಕುತ್ತದೆ. ತಾಯಿ ಒಲೆಯ ಮೇಲಿನ ಪಾತ್ರೆ ಇಳಿಸುವಷ್ಟರಲ್ಲಿ ಅದು ಹೊಸ್ತಿಲು ಮುಟ್ಟಿರುತ್ತದೆ.

ಇದಕ್ಕೆ ಬದಲಾಗಿ ಹಿಂದೆ ಊರಿನ ಬಡಿಗೇರರು ಮಾಡಿಕೊಡುತ್ತಿದ್ದ ಮೂರು ಗಾಲಿಯ ಮರದ ತಳ್ಳುಗಾಡಿ ನಿಜಕ್ಕೂ ಉಪಯುಕ್ತ. ಮಗು ಅದರ ಹಿಡಿಕೆಯನ್ನು ಹಿಡಿದು ತನ್ನ ಕಾಲಿನ ಮೇಲೆ ತಾನೇ ನಿಲ್ಲುತ್ತದೆ, ತೂಕವನ್ನು ತಾನೇ ಹೊರುತ್ತದೆ, ಬೇಡವೆನಿಸಿದಾಗ ಬಿಟ್ಟು ಕೂರುತ್ತದೆ. ಕೊಳ್ಳುವಾಗ ಗಾಡಿ ಹಗುರವಾಗಿ ಮುಂದಕ್ಕೆ ಜಾರುತ್ತದೆಯೇ ಎಂದು ನೋಡಬೇಕು. ಜಾರುವುದಾದರೆ ಅಕ್ಕಿಯ ಪುಟ್ಟ ಚೀಲವೊಂದನ್ನು ಬಿಗಿಯಾಗಿ ಹೊಲಿದು ಬುಡದಲ್ಲಿ ಕಟ್ಟಿದರೆ ನಿಧಾನವಾಗುತ್ತದೆ. ನುಣುಪಾದ ಟೈಲ್ಸ್ ನೆಲದ ಮೇಲೆ ಈ ಎಚ್ಚರ ಹೆಚ್ಚು ಬೇಕು. ಮೆಟ್ಟಿಲ ಬಳಿ ತಳ್ಳುಗಾಡಿಗೂ ಕಾವಲು ಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ.

ಮಾತಾಡುವ ಆಟಿಕೆ, ಮೌನವಾಗುವ ಮನೆ

ಬ್ಯಾಟರಿ ಆಟಿಕೆಗಳ ಪೆಟ್ಟಿಗೆಯ ಮೇಲೆ ಬುದ್ಧಿ ಬೆಳೆಸುತ್ತದೆ, ಮಾತು ಕಲಿಸುತ್ತದೆ ಎಂಬ ಬರಹ ಇದ್ದೇ ಇರುತ್ತದೆ. ಅಮೆರಿಕದ ಉತ್ತರ ಅರಿಜೋನಾ ವಿಶ್ವವಿದ್ಯಾಲಯದ ಸಂಶೋಧಕಿ ಅನ್ನಾ ಸೋಸಾ 10ರಿಂದ 16 ತಿಂಗಳ ಮಕ್ಕಳಿರುವ 26 ಕುಟುಂಬಗಳಲ್ಲಿ ಇದನ್ನು ಪರೀಕ್ಷಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಲೆಕ್ಟ್ರಾನಿಕ್ ಆಟಿಕೆ ಮುಂದಿದ್ದಾಗ ಹೆತ್ತವರು ಆಡಿದ ಮಾತುಗಳು ಕಡಿಮೆಯಾಗಿದ್ದವು, ಮಗುವಿನ ತೊದಲಿಗೆ ಅವರು ಸ್ಪಂದಿಸುವುದೂ ಕಡಿಮೆಯಾಗಿತ್ತು. ಚಿತ್ರಪುಸ್ತಕ ಮುಂದಿದ್ದಾಗ ಮಾತು ಅತ್ಯಂತ ಹೆಚ್ಚಾಗಿತ್ತು. ಮರದ ತುಂಡು, ಒಗಟಿನ ಹಲಗೆಯಂಥ ಸಾಂಪ್ರದಾಯಿಕ ಆಟಿಕೆಗಳು ಇವೆರಡರ ನಡುವೆ ಬಂದವು. ಕುಟುಂಬಗಳ ಸಂಖ್ಯೆ ಚಿಕ್ಕದು, ಆದರೂ ಕಾರಣ ಊಹಿಸಲು ಕಷ್ಟವಿಲ್ಲ. ಆಟಿಕೆಯೇ ಮಾತಾಡುತ್ತಿರುವಾಗ ಹಿರಿಯರು ಸುಮ್ಮನಾಗುತ್ತಾರೆ.

ಈ ಭಾಗದ ಮನೆಗಳಲ್ಲಿ ಕೂಸಿನ ಕಿವಿಗೆ ಬೀಳುವ ಭಾಷೆ ಕನ್ನಡವಿರಬಹುದು, ತಾಂಡಾಗಳಲ್ಲಿ ಲಂಬಾಣಿ ಇರಬಹುದು, ಉರ್ದು ಅಥವಾ ತೆಲುಗು ಇರಬಹುದು. ಆಟಿಕೆ ಮಾತ್ರ ವಿದೇಶಿ ಉಚ್ಚಾರಣೆಯಲ್ಲಿ ಎ, ಬಿ, ಸಿ ಎನ್ನುತ್ತದೆ. ಮಗು ಅದಕ್ಕೆ ‘ಬಾ’ ಎಂದರೂ ಅದೇ ಉತ್ತರ, ‘ತಾ’ ಎಂದರೂ ಅದೇ ಉತ್ತರ. ಮಾತು ಕಲಿಯಲು ಬೇಕಾದುದು ತನ್ನ ಸದ್ದಿಗೆ ಮರುಸದ್ದು ಕೊಡುವ ಮನುಷ್ಯರು. ಇಂಥ ಆಟಿಕೆ ಈಗಾಗಲೇ ಮನೆಗೆ ಬಂದಿದ್ದರೆ ಬ್ಯಾಟರಿ ತೆಗೆದಿಟ್ಟು ಕೊಡಬಹುದು. ಹಲವು ಆಟಿಕೆಗಳು ಹಾಗೆಯೇ ಹೆಚ್ಚು ಚೆನ್ನಾಗಿರುತ್ತವೆ.

ಮೊಬೈಲ್, ಟ್ಯಾಬ್ಲೆಟ್‌ಗಳನ್ನು ಆಟಿಕೆಯೆಂದು ಪರಿಗಣಿಸುವುದಂತೂ ಸಲ್ಲದು. ಒಂದು ವರ್ಷದ ಮಗುವಿಗೆ ಕೂತು ಪರದೆ ನೋಡುವ ಅವಧಿ ಶೂನ್ಯವಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ. ದೂರದ ಬಂಧುಗಳೊಡನೆ ವಿಡಿಯೋ ಕರೆಯಲ್ಲಿ ಮಾತನಾಡಿಸುವುದಕ್ಕೆ ಮಕ್ಕಳ ತಜ್ಞರು ಸಾಮಾನ್ಯವಾಗಿ ವಿನಾಯಿತಿ ಕೊಡುತ್ತಾರೆ.

ಗಂಟಲಿಗೆ ಸಿಲುಕುವ ಅಪಾಯ

ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳನ್ನು ಪರೀಕ್ಷಿಸಲು ಪ್ರಯೋಗಾಲಯಗಳಲ್ಲಿ 31.7 ಮಿಲಿಮೀಟರ್ ವ್ಯಾಸದ ಪುಟ್ಟ ಕೊಳವೆಯೊಂದನ್ನು ಬಳಸುತ್ತಾರೆ. ಆಟಿಕೆಯಾಗಲಿ, ಅದರಿಂದ ಕಳಚಿದ ತುಂಡಾಗಲಿ ಆ ಕೊಳವೆಯೊಳಗೆ ಪೂರ್ತಿ ಇಳಿದರೆ ಅದು ಅಪಾಯಕಾರಿ. ಮನೆಯಲ್ಲಿ ಅಂದಾಜು ಮಾಡಲು ಹತ್ತು ರೂಪಾಯಿಯ ನಾಣ್ಯ ನೆರವಾಗುತ್ತದೆ. ಅದರ ವ್ಯಾಸ 27 ಮಿಲಿಮೀಟರ್. ಅದಕ್ಕಿಂತ ತುಸು ಅಗಲದ ರಂಧ್ರವನ್ನು ಊಹಿಸಿಕೊಂಡು, ಅದರೊಳಗೆ ತೂರುವ ಯಾವುದನ್ನೂ ಕೂಸಿನ ಕೈಗೆ ಕೊಡಬಾರದು. ಚೆಂಡು ಗುಂಡಗಿರುವುದರಿಂದ ಗಂಟಲನ್ನು ಪೂರ್ತಿ ಮುಚ್ಚಬಲ್ಲದು. ಆದಕಾರಣ ಅದರ ವ್ಯಾಸ 44.5 ಮಿಲಿಮೀಟರಿಗಿಂತ ದೊಡ್ಡದಿರಬೇಕು. ಅಣ್ಣ, ಅಕ್ಕಂದಿರ ಗೋಲಿಗಳು ಕೂಸಿಗೆ ಎಟುಕದ ಗೂಡಿಗೆ ಹೋಗಬೇಕು.

ಎಲ್ಲಕ್ಕಿಂತ ಹೆಚ್ಚಿನ ಅಪಾಯ ಗುಂಡಿಯಾಕಾರದ ಬ್ಯಾಟರಿಯದು. ಹಾಡುವ ಆಟಿಕೆ, ಮಿನುಗುವ ಉಂಗುರ, ಜಾತ್ರೆಯ ದೀಪದ ಬೊಂಬೆ, ಟಿವಿಯ ಪುಟ್ಟ ರಿಮೋಟ್ ಇವುಗಳಲ್ಲೆಲ್ಲ ಅದು ಇರುತ್ತದೆ. 20 ಮಿಲಿಮೀಟರ್ ಅಗಲದ ಲಿಥಿಯಂ ಬ್ಯಾಟರಿ ಮಗುವಿನ ಅನ್ನನಾಳದಲ್ಲಿ ಸಿಲುಕಿದರೆ ಎರಡು ಗಂಟೆಯೊಳಗೆ ಅಂಗಾಂಶ ಸುಟ್ಟು ರಂಧ್ರವಾಗುವಷ್ಟು ಹಾನಿ ಆಗಬಲ್ಲದು. ಬ್ಯಾಟರಿ ಖಾಲಿಯಾಗಿದೆ ಎಂಬ ಭರವಸೆಯೂ ಬೇಡ, ಹಳೆಯದರಲ್ಲೂ ಸುಡುವಷ್ಟು ಶಕ್ತಿ ಉಳಿದಿರುತ್ತದೆ. ಮಕ್ಕಳ ಎಂಡೋಸ್ಕೋಪಿ ನಡೆಸುವ ದೊಡ್ಡ ಆಸ್ಪತ್ರೆಗಳಿರುವ ಬಳ್ಳಾರಿ, ದಾವಣಗೆರೆ, ಹುಬ್ಬಳ್ಳಿಗಳನ್ನು ಈ ತಾಲ್ಲೂಕುಗಳಿಂದ ತಲುಪುವುದರಲ್ಲೇ ಆ ಎರಡು ಗಂಟೆಯ ದೊಡ್ಡ ಪಾಲು ಕಳೆದುಹೋಗುತ್ತದೆ ಎಂಬುದನ್ನು ನೆನೆದರೆ, ಇಂಥ ಆಟಿಕೆಯನ್ನು ಕೊಳ್ಳದಿರುವುದೇ ವಿವೇಕ. ಬ್ಯಾಟರಿ ಇರುವ ಆಟಿಕೆಯನ್ನು ಕೊಳ್ಳಲೇಬೇಕಾದರೆ ಅದರ ಮುಚ್ಚಳ ತಿರುಪಿನಿಂದ ಬಿಗಿದಿರಬೇಕು. ಉಗುರಿನಿಂದ ತೆರೆಯುವ ಮುಚ್ಚಳವಿದ್ದರೆ ಬೇಡ.

ನುಂಗಿರುವ ಸಂಶಯ ಬಂದರೆ ವಾಂತಿ ಮಾಡಿಸಬಾರದು, ಬಾಳೆಹಣ್ಣು, ಅನ್ನ ತಿನ್ನಿಸಿ ಕಾಯಬಾರದು. ತಕ್ಷಣ 108ಕ್ಕೆ ಕರೆ ಮಾಡಿ ಅಥವಾ ಸ್ವಂತ ವಾಹನದಲ್ಲಿ ಎಕ್ಸ್‌ರೇ ಇರುವ ಆಸ್ಪತ್ರೆಗೆ ಹೊರಡಬೇಕು. ಒಂದು ವರ್ಷ ತುಂಬಿದ ಮಗುವಾಗಿದ್ದು, ನುಂಗಿ ಹನ್ನೆರಡು ಗಂಟೆ ಮೀರಿಲ್ಲದಿದ್ದರೆ, ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪವನ್ನು ಆರು ಬಾರಿಯವರೆಗೆ ಕೊಡಬಹುದೆಂದು ಅಮೆರಿಕದ ವಿಷ ಚಿಕಿತ್ಸಾ ಕೇಂದ್ರದ ಸೂಚನೆಯಿದೆ. ಅದು ಸುಡುವಿಕೆಯನ್ನು ನಿಧಾನಿಸುತ್ತದೆ ಅಷ್ಟೆ, ಚಿಕಿತ್ಸೆಯಲ್ಲ. ಜೇನು ಹುಡುಕುತ್ತ ಹೊರಡುವುದನ್ನು ತಡಮಾಡಬಾರದು. ವರ್ಷ ತುಂಬದ ಶಿಶುವಿಗೆ ಜೇನು ಕೊಡಲೇಬಾರದು.

ಆಟಿಕೆಯಲ್ಲದ ಆಟಿಕೆಗಳ ಕಡೆಗೂ ಗಮನ ಬೇಕು. ಕೂಡ್ಲಿಗಿ, ಕೊಟ್ಟೂರು ಕಡೆ ಶೇಂಗಾ ಒಡೆಯುವ ಕಾಲದಲ್ಲಿ ಪಡಸಾಲೆಯ ತುಂಬ ಬೀಜ ಚೆಲ್ಲಿರುತ್ತದೆ. ಪುಟ್ಟ ಮಕ್ಕಳ ಶ್ವಾಸನಾಳದಿಂದ ವೈದ್ಯರು ಹೊರತೆಗೆಯುವ ವಸ್ತುಗಳಲ್ಲಿ ಶೇಂಗಾ ಬೀಜ ಮುಂಚೂಣಿಯಲ್ಲಿದೆ. ಪ್ಲಾಸ್ಟಿಕ್ ಬಾಟಲಿಯಲ್ಲಿ ಶೇಂಗಾ ಅಥವಾ ಹುಣಸೆ ಬೀಜ ತುಂಬಿ ಗಿಲಕಿ ಮಾಡಿಕೊಡುವ ರೂಢಿ ಹಲವು ಮನೆಗಳಲ್ಲಿದೆ. ಮುಚ್ಚಳವನ್ನು ಅಂಟು ಹಾಕಿ ಭದ್ರಗೊಳಿಸದಿದ್ದರೆ ಅದು ಗಿಲಕಿಯಲ್ಲ, ಗಂಡಾಂತರ. ಕೆಂಪು ಕಪ್ಪು ಬಣ್ಣದ ಅಂದದ ಗುಲಗಂಜಿಯನ್ನಂತೂ ಯಾವ ಆಟಿಕೆಯಲ್ಲೂ ಬಳಸಬಾರದು. ಅಗಿದು ನುಂಗಿದರೆ ಅದು ಪ್ರಾಣಾಂತಿಕ ವಿಷ.

ಕೊಟ್ಟೂರು ಗುರು ಕೊಟ್ಟೂರೇಶ್ವರನ ತೇರಿಗೋ ಮೈಲಾರ ಜಾತ್ರೆಗೋ ಹೋದವರು ಮನೆಯ ಕೂಸಿಗೆ ಬಲೂನು, ಪೀಪಿ ತರುವುದು ವಾಡಿಕೆ. ಬಲೂನು ಒಡೆದ ಬಳಿಕ ಉಳಿಯುವ ರಬ್ಬರಿನ ಚೂರು ಗಂಟಲಿಗೆ ಅಂಟಿಕೊಂಡರೆ ಉಸಿರು ನಿಲ್ಲುತ್ತದೆ. ಹುಟ್ಟುಹಬ್ಬದ ಮಂಟಪಕ್ಕೆ ಕಟ್ಟಿದ ಬಲೂನುಗಳನ್ನು ಸಮಾರಂಭ ಮುಗಿದ ಕೂಡಲೇ ಲೆಕ್ಕವಿಟ್ಟು ತೆಗೆಯುವ ಹೊಣೆಯನ್ನು ಯಾರಾದರೂ ಒಬ್ಬರು ವಹಿಸಿಕೊಳ್ಳಬೇಕು. ಪೀಪಿಯ ಒಳಗಿನ ಸೀಟಿ ಕಳಚಿ ಬರುವಂಥದು, ಅದೂ ಬೇಡ. ಎಳೆಯುವ ಗಾಡಿಯ ದಾರ ಒಂದು ಗೇಣು ಮೀರದಿದ್ದರೆ ಕುತ್ತಿಗೆಗೆ ಸುತ್ತಿಕೊಳ್ಳುವ ಭಯವಿಲ್ಲ.

ಚನ್ನಪಟ್ಟಣ, ಕಿನ್ನಾಳ: ಯಾವುದು ಯಾರಿಗೆ?

ಕನ್ನಡಿಗರಿಗೆ ಉತ್ತಮ ಆಟಿಕೆಗಾಗಿ ಹೊರನಾಡನ್ನು ಹುಡುಕುವ ಅಗತ್ಯವಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯ ಚನ್ನಪಟ್ಟಣದಲ್ಲಿ ಲೇತ್ ಮೇಲೆ ತಿರುಗುವ ಆಲೆ ಮರದ ತುಂಡಿಗೆ ಬಣ್ಣದ ಅರಗನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ, ಬಳಿಕ ಒಣಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ಕುಂಚದ ಬಣ್ಣದಂತೆ ಇದು ಸುಲಭವಾಗಿ ಚಕ್ಕೆ ಏಳುವುದಿಲ್ಲ. ಈ ಕಸುಬಿಗೆ ಟಿಪ್ಪು ಸುಲ್ತಾನನ ಆಶ್ರಯವಿತ್ತೆಂಬುದು ಪ್ರತೀತಿ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಪಾನಿನ ತಂತ್ರವನ್ನು ಇಲ್ಲಿಗೆ ತಂದವರೆಂದು ಬಾವಾಸ್ ಮಿಯಾ ಅವರನ್ನು ಸ್ಮರಿಸುತ್ತಾರೆ. ಭೌಗೋಳಿಕ ಸೂಚಕದ ಮಾನ್ಯತೆಯೂ ಈ ಆಟಿಕೆಗಳಿಗಿದೆ. ಗಿಲಕಿ, ಬಳೆಗಳ ಗೋಪುರ, ಉರುಳುವ ಗಾಡಿ ಇವುಗಳ ದುಂಡನೆಯ ಅಂಚು, ನುಣುಪಾದ ಮೈ ವರ್ಷದ ಕೂಸಿಗೆ ಹೇಳಿ ಮಾಡಿಸಿದಂತಿವೆ. ರಾಜ್ಯ ಸರ್ಕಾರದ ಕರಕುಶಲ ನಿಗಮದ ಕಾವೇರಿ ಮಳಿಗೆಗಳಲ್ಲಿ ದೊರೆಯುತ್ತವೆ.

ಆದರೆ ಚನ್ನಪಟ್ಟಣದ ಹೆಸರಿನಲ್ಲಿ ಮಾರುವುದೆಲ್ಲವೂ ಸಸ್ಯಜನ್ಯ ಬಣ್ಣದ್ದಲ್ಲ. ಅರಿಶಿನ, ನೀಲಿಯಂಥ ಬಣ್ಣಗಳಿಂದ ಮಾಡಿದವೂ ಉಂಟು, ಅಗ್ಗದ ರಾಸಾಯನಿಕ ಬಣ್ಣ ಬಳಿದವೂ ಉಂಟು. ಒದ್ದೆಯ ಬಿಳಿ ಬಟ್ಟೆಯಿಂದ ಗಟ್ಟಿಯಾಗಿ ಉಜ್ಜಿದಾಗ ಬಣ್ಣ ಹತ್ತಿದರೆ ಹಿಂದಿರುಗಿಸಬೇಕು. ಈ ಪರೀಕ್ಷೆಯಿಂದ ಬಣ್ಣದಲ್ಲಿನ ಸೀಸ ಮಾತ್ರ ಪತ್ತೆಯಾಗದು. ಮಿದುಳಿನ ಬೆಳವಣಿಗೆಗೆ ಕುತ್ತು ತರುವ ಸೀಸವನ್ನು ಮನೆಬಳಕೆಯ ಬಣ್ಣಗಳಲ್ಲಿ ಹತ್ತು ಲಕ್ಷಕ್ಕೆ 90 ಭಾಗಕ್ಕೆ ಮಿತಗೊಳಿಸುವ ನಿಯಮವನ್ನು ಕೇಂದ್ರ ಸರ್ಕಾರ 2016ರಲ್ಲಿ ಹೊರಡಿಸಿತು. ಅದಕ್ಕೂ ಹಿಂದಿನ, ಅಟ್ಟದ ಮೇಲಿರುವ ಬಣ್ಣದ ಹಳೆಯ ಆಟಿಕೆಗಳನ್ನು ನೆನಪಿನ ಮೋಹದಿಂದ ಕೂಸಿನ ಬಾಯಿಗೆ ಕೊಡದಿರುವುದು ಒಳಿತು.

ಹಗರಿಬೊಮ್ಮನಹಳ್ಳಿಯವರಿಗೆ ಚನ್ನಪಟ್ಟಣಕ್ಕಿಂತ ಹತ್ತಿರದ್ದು ನೆರೆಯ ಕೊಪ್ಪಳ ಜಿಲ್ಲೆಯ ಕಿನ್ನಾಳ. ಅಲ್ಲಿನ ಚಿತ್ರಗಾರರು ಹಗುರ ಮರವನ್ನು ಕೆತ್ತಿ, ಹುಣಸೆ ಬೀಜದ ಅಂಟಿನ ಮಿಶ್ರಣ ಹಚ್ಚಿ, ಮೇಲೆ ಬಣ್ಣ ಬರೆದು ಮಾಡುವ ಗೊಂಬೆಗಳು ಸೊಬಗಿನಲ್ಲಿ ಅನುಪಮ. ಅವು ಗೂಡಿನಲ್ಲಿಟ್ಟು ನೋಡುವಂಥವು, ಜಗಿಯುವ ಕೂಸಿಗೆ ತಕ್ಕವಲ್ಲ. ಮಗುವಿನ ಹೆಸರಿನಲ್ಲಿ ಮನೆಗೆ ಕೊಡುವ ನೆನಪಿನ ಕಾಣಿಕೆಯಾಗಿ ಅವುಗಳನ್ನು ಕೊಳ್ಳಬಹುದು. ಕನ್ನಡಿ, ಕವಡೆ ಪೋಣಿಸಿದ ಲಂಬಾಣಿ ಕಸೂತಿಯ ಗೊಂಬೆಗಳಿಗೂ, ಮಣ್ಣೆತ್ತಿನ ಅಮಾವಾಸ್ಯೆಯ ಹಸಿ ಮಣ್ಣಿನ ಎತ್ತುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಜೋಳದ ದಂಟಿನ ಬಂಡಿ ಅಣ್ಣಂದಿರಿಗಿರಲಿ, ಅದರ ಸಿಬಿರು ಹರಿತ.

ಪೆಟ್ಟಿಗೆಯ ಮೇಲೆ ಏನು ನೋಡಬೇಕು?

2021ರ ಜನವರಿ 1ರಿಂದ ದೇಶದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಗುರುತಿನ ಜೊತೆಗೆ ‘ಸಿಎಂ/ಎಲ್’ ಎಂದು ಆರಂಭವಾಗುವ ಪರವಾನಗಿ ಸಂಖ್ಯೆ ಇರಬೇಕು. ಭಾರತೀಯ ಮಾನಕ ಬ್ಯೂರೋದ ‘ಬಿಐಎಸ್ ಕೇರ್’ ಮೊಬೈಲ್ ಆ್ಯಪ್‌ನಲ್ಲಿ ಆ ಸಂಖ್ಯೆಯನ್ನು ಹಾಕಿ ತಾಳೆ ನೋಡಬಹುದು. ನೋಂದಾಯಿತ ಕುಶಲಕರ್ಮಿಗಳು ಮಾಡಿದ ಆಟಿಕೆಗಳಿಗೂ ಭೌಗೋಳಿಕ ಸೂಚಕದ ಅಧಿಕೃತ ಬಳಕೆದಾರರ ಆಟಿಕೆಗಳಿಗೂ ಈ ನಿಯಮದಿಂದ ವಿನಾಯಿತಿ ಕೊಡಲಾಗಿದೆ. ಆದ್ದರಿಂದ ಚನ್ನಪಟ್ಟಣದ ಗಿಲಕಿಯ ಮೇಲೆ ಐಎಸ್‌ಐ ಇಲ್ಲವೆಂದ ಮಾತ್ರಕ್ಕೆ ಅದು ಕಳಪೆಯಲ್ಲ, ಆದರೆ ಎಲ್ಲಿ ಕೊಳ್ಳುತ್ತೇವೆ ಎಂಬುದು ಹೆಚ್ಚು ಮುಖ್ಯವಾಗುತ್ತದೆ. ಸಂತೆಯ ಚಾಪೆಯ ಮೇಲಿನ ಹೆಸರಿಲ್ಲದ ಪ್ಲಾಸ್ಟಿಕ್ ಆಟಿಕೆಗೆ ಈ ಎರಡೂ ಆಧಾರವಿರುವುದಿಲ್ಲ. ಕೆಂಪು ವೃತ್ತದಲ್ಲಿ ಪುಟ್ಟ ಮುಖ, ‘0-3’ ಎಂಬ ಅಂಕಿ, ಅದರ ಮೇಲೆ ಅಡ್ಡಗೆರೆ ಇದ್ದರೆ ಮೂರು ವರ್ಷದೊಳಗಿನವರಿಗೆ ಅದು ಅಪಾಯಕಾರಿ ಎಂದರ್ಥ. ಮೂರರೊಳಗಿನವರಿಗೆ ಯೋಗ್ಯ ಎಂದು ಅದನ್ನು ತಪ್ಪಾಗಿ ಓದುವವರಿದ್ದಾರೆ.

ಎಷ್ಟು ಆಟಿಕೆ ಸಾಕು?

ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದ ಸಂಶೋಧಕರು 36 ಪುಟಾಣಿಗಳಿಗೆ ಒಮ್ಮೆ ನಾಲ್ಕು ಆಟಿಕೆ, ಇನ್ನೊಮ್ಮೆ ಹದಿನಾರು ಆಟಿಕೆ ಕೊಟ್ಟು ನೋಡಿ 2018ರಲ್ಲಿ ವರದಿ ಮಾಡಿದರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರೊಡನೆ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರು. ಆ ಮಕ್ಕಳು ಒಂದೂವರೆ ವರ್ಷ ಮೀರಿದವರು, ಆದರೂ ಮನೆಯಲ್ಲಿ ಅನುಸರಿಸಲು ಅಡ್ಡಿಯಿಲ್ಲ. ಹುಟ್ಟುಹಬ್ಬಕ್ಕೆ ಬಂದ ರಾಶಿಯಲ್ಲಿ ನಾಲ್ಕೈದನ್ನು ಹೊರಗಿಟ್ಟು ಉಳಿದುದನ್ನು ಟ್ರಂಕಿನಲ್ಲಿಡಬಹುದು. ಹದಿನೈದು ದಿನಕ್ಕೊಮ್ಮೆ ಬದಲಿಸಿದರೆ ಹಳೆಯದೇ ಹೊಸದಾಗುತ್ತದೆ. ಹೆಚ್ಚಾದುದನ್ನು ಹತ್ತಿರದ ಅಂಗನವಾಡಿಗೆ ಕೊಡುವವರೂ ಇದ್ದಾರೆ. ಮುರಿದುದನ್ನು ಮಾತ್ರ ಅಲ್ಲಿಗೆ ದಾಟಿಸಬಾರದು.

ಕೊಳ್ಳುವಾಗ ಗಂಡುಮಗುವಿಗೆ ಕಾರು, ಹೆಣ್ಣುಮಗುವಿಗೆ ಬೊಂಬೆ ಎಂದು ಅಂಗಡಿಯವರು ಬೇರ್ಪಡಿಸಿ ತೋರಿಸುವುದುಂಟು. ವರ್ಷದ ಕೂಸಿಗೆ ಆ ಭೇದ ತಿಳಿಯದು. ಗಾಡಿ ತಳ್ಳಿದರೆ ಇಬ್ಬರ ಕಾಲೂ ಗಟ್ಟಿಯಾಗುತ್ತದೆ, ಬೊಂಬೆಗೆ ಉಣ್ಣಿಸುವ ಆಟದಲ್ಲಿ ಇಬ್ಬರ ಮಾತೂ ಬೆಳೆಯುತ್ತದೆ.

ಆಟವಾಡಿಸುವಾಗ ಕಣ್ಣಿಗೆ ಬೀಳುವ ಕೆಲವು ಲಕ್ಷಣಗಳನ್ನು ಕಡೆಗಣಿಸಬಾರದು. ಹಿಂದಿನಿಂದ ಗಿಲಕಿ ಆಡಿಸಿದರೂ ತಿರುಗಿ ನೋಡದಿರುವುದು, ಹೆಸರು ಕರೆದರೆ ಸ್ಪಂದಿಸದಿರುವುದು, ಒಂದೇ ಕೈಯನ್ನು ಬಳಸಿ ಇನ್ನೊಂದನ್ನು ಮುಷ್ಟಿಯಾಗಿಯೇ ಇಟ್ಟುಕೊಳ್ಳುವುದು, ಆಸರೆ ಕೊಟ್ಟರೂ ಕಾಲೂರಿ ನಿಲ್ಲದಿರುವುದು, ಕಲಿತ ಆಟವನ್ನು ಮರೆತಂತೆ ಕಾಣುವುದು ಇವು ಕಂಡರೆ ವೈದ್ಯರಿಗೆ ತೋರಿಸಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿಗಳಲ್ಲಿ ಮಕ್ಕಳ ತಪಾಸಣೆ ಉಚಿತವಾಗಿ ನಡೆಯುತ್ತದೆ. ತಪಾಸಣಾ ತಂಡ ಯಾವಾಗ ಬರುತ್ತದೆಂದು ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ತಿಳಿಯುತ್ತದೆ. ಕಿವಿ ಕೇಳದ ಮಗುವಿಗೆ ಬೇಗ ಚಿಕಿತ್ಸೆ ದೊರೆತಷ್ಟೂ ಮಾತು ಬರುವ ಅವಕಾಶ ಹೆಚ್ಚು.

ಮರದ ಆಟಿಕೆಗಳನ್ನು ನೀರಿನಲ್ಲಿ ನೆನೆಸಿಡಬಾರದು, ಕುದಿಸಬಾರದು. ಒದ್ದೆ ಬಟ್ಟೆಯಿಂದ ಒರೆಸಿ ನೆರಳಿನಲ್ಲಿ ಆರಿಸಿದರೆ ಅರಗಿನ ಬಣ್ಣ ಉಳಿಯುತ್ತದೆ. ಪ್ಲಾಸ್ಟಿಕ್ ಮತ್ತು ಸ್ಟೀಲನ್ನು ಸೋಪುನೀರಿನಲ್ಲಿ ತೊಳೆಯಬಹುದು. ಒತ್ತಿದರೆ ಕೀಚೆನ್ನುವ ರಬ್ಬರ್ ಆಟಿಕೆಯ ಒಳಗೆ ನೀರು ನಿಂತು ಬೂಷ್ಟು ಬೆಳೆಯುವುದರಿಂದ ಅದನ್ನು ಸ್ನಾನದ ಬಾನಿಗೆ ಹಾಕದಿರುವುದು ಲೇಸು. ತಿಂಗಳಿಗೊಮ್ಮೆ ಎಲ್ಲ ಆಟಿಕೆಗಳನ್ನು ಬೆಳಕಿನಲ್ಲಿ ತಿರುವಿ ನೋಡಿ ಸಡಿಲವಾದ ಗಾಲಿ, ಎದ್ದ ಸಿಬಿರು, ಬಿರುಕು ಬಿಟ್ಟ ಪ್ಲಾಸ್ಟಿಕ್, ಬಿಚ್ಚಿದ ಹೊಲಿಗೆ ಇರುವುದನ್ನು ಬೇರೆ ತೆಗೆದಿಡಬೇಕು.